ಗುಡಿ ಕಟ್ಟಿಸಿದಾಕೆಗೆ ಹಾಡಲು ಅವಕಾಶವಿರಲಿಲ್ಲ

ಬೆಂಗಳೂರಿನ ಹನುಮಂತನಗರದಲ್ಲಿ ಕುಮಾರಸ್ವಾಮಿ ದೇವಸ್ಥಾನವಿರುವ ಗುಡ್ಡವನ್ನು ನರಹರಿರಾಯನ ಗುಡ್ಡ ಎನ್ನುತ್ತೇವೆ. ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರಾಗಿದ್ದ ನರಹರಿರಾಯರ ಹೆಸರು ಅದು. ಅವರು ಪ್ರೋತ್ಸಾಹಿಸಿದ ಗಾಯಕಿಯೊಬ್ಬರು ಊರಿನ ಹೆಸರನ್ನೇ ತಮ್ಮ ಹೆಸರಿನ ಹಿಂದೆ ಇಟ್ಟುಕೊಂಡು ಮದರಾಸಿನಲ್ಲಿ ಮೆರೆದರು. ಅವರೇ ಬೆಂಗಳೂರು ನಾಗರತ್ನಮ್ಮ.

1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ನಾಗರತ್ನಮ್ಮ ದೇವದಾಸಿ ಮನೆತನದವರು. ತಂದೆ ಕೈಬಿಟ್ಟಿದ್ದರು. ತಾಯಿ ಪುಟ್ಟಲಕ್ಷ್ಮಿ ಮಗಳನ್ನು ಮೈಸೂರಿಗೆ, ಅಲ್ಲಿಂದ ಬೆಂಗಳೂರಿಗೆ ಕರೆತಂದು ಸಂಸ್ಕೃತ, ತೆಲುಗು, ಸಂಗೀತ ಎಲ್ಲವನ್ನೂ ಕಲಿಸಿದರು. ಸಂಗೀತದ ಗುರು ಮುನಿಸ್ವಾಮಪ್ಪ ತ್ಯಾಗರಾಜರ ಶಿಷ್ಯಪರಂಪರೆಯವರು. ನಾಗರತ್ನಮ್ಮ ಹದಿಹರೆಯದಲ್ಲಿದ್ದಾಗಲೇ ತಾಯಿ ತೀರಿಕೊಂಡರು. ಆಮೇಲೆ ಅವರನ್ನು ಕೈಹಿಡಿದದ್ದು ಕಲಿತ ವಿದ್ಯೆಯೇ. ಮುಂದೆ ಮದರಾಸಿಗೆ ಹೋಗಿ ಕಛೇರಿ ಮಾಡಿ ಮನೆ, ಒಡವೆ ಸಂಪಾದಿಸಿದರು. ಆದಾಯ ತೆರಿಗೆ ಕಟ್ಟುವಷ್ಟು ಗಳಿಕೆ ಅವರಿಗಿತ್ತು.

ಹಾಡಿ ಗಳಿಸಿ ನೆಮ್ಮದಿಯಾಗಿ ಇದ್ದುಬಿಡಬಹುದಿತ್ತು. ಆದರೆ ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬಾಕೆ ತೆಲುಗಿನಲ್ಲಿ ಬರೆದ 'ರಾಧಿಕಾ ಸಾಂತ್ವನಮು' ಕಾವ್ಯ ಅವರ ಕೈಗೆ ಬಂತು. ಆಗ ಸಿಗುತ್ತಿದ್ದ ಅಚ್ಚಿನ ಪ್ರತಿಯಲ್ಲಿ ಪದ್ಯಗಳನ್ನು ಕತ್ತರಿಸಲಾಗಿತ್ತು. ಬರೆದವಳ ವಂಶದ ವಿವರವೂ ಕಾಣೆಯಾಗಿತ್ತು. ನಾಗರತ್ನಮ್ಮ ಮೂಲ ಪ್ರತಿ ಹುಡುಕಿಸಿ, 1910ರಲ್ಲಿ ಪೂರ್ತಿ ಕಾವ್ಯವನ್ನು ಅಚ್ಚು ಹಾಕಿಸಿದರು. ದೊಡ್ಡ ಪಂಡಿತರು ಅಶ್ಲೀಲ ಎಂದರು. ಶೃಂಗಾರವನ್ನು ಗಂಡಸರು ಬರೆದರೆ ಕಾವ್ಯ, ಹೆಂಗಸು ಬರೆದರೆ ನಾಚಿಕೆಗೇಡು ಹೇಗಾಗುತ್ತದೆ ಎಂಬುದು ಅವರ ವಾದ. ಬ್ರಿಟಿಷ್ ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ನಿಷೇಧ ತೆರವಾಗಲು ಸ್ವಾತಂತ್ರ್ಯ ಬರುವ ಹೊತ್ತಾಯಿತು.

ಕಾವೇರಿ ದಂಡೆಯ ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿ ಪಾಳುಬಿದ್ದಿರುವ ಸುದ್ದಿ 1921ರ ಸುಮಾರಿಗೆ ಬಂದಾಗ ನಾಗರತ್ನಮ್ಮ ಅಲ್ಲಿಗೆ ಹೋದರು. ತಮ್ಮ ಗಳಿಕೆಯನ್ನೆಲ್ಲ ಸುರಿದು, ಒಡವೆಗಳನ್ನೂ ಮಾರಿ ಗುಡಿ ಕಟ್ಟಿಸಿದರು. 1925ರಲ್ಲಿ ಪ್ರತಿಷ್ಠೆಯಾಯಿತು. ಆದರೆ ಅದೇ ಜಾಗದಲ್ಲಿ ಆರಾಧನೆ ನಡೆಸುತ್ತಿದ್ದ ಗಂಡಸರ ಗುಂಪುಗಳು ಹೆಂಗಸರಿಗೆ ಹಾಡಲು ಅವಕಾಶ ಕೊಡಲಿಲ್ಲ. ಕಟ್ಟಿಸಿದವರಿಗೇ ಹಾಡುವಂತಿಲ್ಲ! ನಾಗರತ್ನಮ್ಮ ಅಳುತ್ತಾ ಕೂರಲಿಲ್ಲ. ಹೆಂಗಸರನ್ನೇ ಸೇರಿಸಿ, ಗುಡಿಯ ಹಿಂಭಾಗದಲ್ಲಿ ತಮ್ಮದೇ ಆರಾಧನೆ ನಡೆಸಿದರು. 1940ರ ಹೊತ್ತಿಗೆ ಗುಂಪುಗಳು ಒಂದಾದವು. ಇಂದು ತಿರುವಯ್ಯಾರಿನಲ್ಲಿ ಪಂಚರತ್ನ ಕೃತಿಗಳನ್ನು ಗಂಡಸರೂ ಹೆಂಗಸರೂ ಒಟ್ಟಿಗೆ ಕೂತು ಹಾಡುತ್ತಾರೆ.

ಅವರ ಎಲ್ಲ ನಿಲುವನ್ನೂ ನಾನು ಒಪ್ಪುವುದಿಲ್ಲ. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾನೂನನ್ನು ಅವರು ವಿರೋಧಿಸಿದ್ದರು. ಆ ಪದ್ಧತಿ ಹೋದದ್ದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಆದರೆ ಆಸ್ತಿ ಮತ್ತು ಕಲೆ ಎರಡನ್ನೂ ಕಿತ್ತುಕೊಂಡರೆ ಆ ಹೆಂಗಸರು ಬದುಕುವುದು ಹೇಗೆ ಎಂಬ ಅವರ ಚಿಂತೆಯನ್ನು ತಳ್ಳಿಹಾಕಲು ನನ್ನಿಂದಾಗದು.

ನಾನು ಬಿಇ ಓದುತ್ತಿದ್ದೇನೆ. ನಮ್ಮಲ್ಲಿ ಪ್ರಾಜೆಕ್ಟ್ ತಂಡಗಳಾದಾಗ ರಿಪೋರ್ಟ್ ಬರೆಯುವುದು, ಫೈಲ್ ಮಾಡುವುದು ತಾನಾಗಿಯೇ ಹುಡುಗಿಯರ ಪಾಲಿಗೆ ಬರುತ್ತದೆ. ಪರೀಕ್ಷಕರು ಬಂದಾಗ ಮಾಡೆಲ್ ಮುಂದೆ ನಿಂತು ವಿವರಿಸುವವರು ಹುಡುಗರು. ಯಾರೂ ಕೆಟ್ಟವರಲ್ಲ, ರೂಢಿ ಹಾಗಿದೆ. ಕಳೆದ ಸೆಮಿಸ್ಟರ್‌ನಲ್ಲಿ ಸರ್ಕ್ಯೂಟ್ ಜೋಡಿಸಿದ್ದು ನಾನು ಮತ್ತು ನನ್ನ ಗೆಳತಿ. ಹಾಗಾಗಿ ವಿವರಿಸುವವರೂ ನಾವೇ ಎಂದು ಮೊದಲೇ ಹೇಳಿದೆವು. ತಂಡದವರು ಒಪ್ಪಿದರು. ಕೇಳುವ ತನಕ ಯಾರಿಗೂ ಅದು ಹೊಳೆದಿರಲಿಲ್ಲ, ಅಷ್ಟೆ.

ನಾಳೆ ಕೆಲಸಕ್ಕೆ ಸೇರುವ ನಮಗೆ ಸಂಬಳ ಎಷ್ಟು ಮುಖ್ಯವೋ, ಮಾಡಿದ ಕೆಲಸದ ಪಕ್ಕ ನಮ್ಮ ಹೆಸರಿರುವುದೂ ಅಷ್ಟೇ ಮುಖ್ಯ. ಮುದ್ದುಪಳನಿಯ ಹೆಸರನ್ನು ಅವಳ ಕಾವ್ಯಕ್ಕೆ ಮರಳಿ ಸೇರಿಸಿದವರು ನಾಗರತ್ನಮ್ಮ. 1952ರಲ್ಲಿ ತೀರಿಕೊಂಡ ಅವರ ಸಮಾಧಿ ತ್ಯಾಗರಾಜರ ಗುಡಿಯ ಹತ್ತಿರವೇ ಇದೆ. ಅಲ್ಲಿರುವ ಪ್ರತಿಮೆ ಕೈಮುಗಿದು ಗುಡಿಯ ಕಡೆಗೇ ಮುಖ ಮಾಡಿ ಕುಳಿತಿದೆ.