ಪೊಲೀಸರೇ ಸೂಚಿಸಿದ ಹೆಸರು: ವೆಂಡೆಲ್ ಸ್ಕಾಟ್

1952ರ ಮೇ ತಿಂಗಳಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ಡ್ಯಾನ್‌ವಿಲ್ ಪಟ್ಟಣದ ಪೊಲೀಸರಲ್ಲಿಗೆ ಕಾರು ಓಟದ ಸಂಘಟಕರು ಬಂದರು. ಅವರ ಬೇಡಿಕೆ ವಿಚಿತ್ರವಾಗಿತ್ತು. ಊರಿನಲ್ಲಿ ಅತಿ ವೇಗವಾಗಿ ಕಾರು ಓಡಿಸಬಲ್ಲ ಕಪ್ಪು ಜನಾಂಗದ ಚಾಲಕನೊಬ್ಬನ ಹೆಸರು ಅವರಿಗೆ ಬೇಕಾಗಿತ್ತು. ಡಿಕ್ಸಿ ಸರ್ಕ್ಯೂಟ್ ಎಂಬ ಪ್ರಾದೇಶಿಕ ಸಂಸ್ಥೆ ನಡೆಸುತ್ತಿದ್ದ ಓಟಗಳಿಗೆ ಹೆಚ್ಚು ಪ್ರೇಕ್ಷಕರನ್ನು ಸೆಳೆಯಬೇಕಿತ್ತು. ಬಿಳಿಯರೇ ತುಂಬಿದ ಕಣಕ್ಕೆ ಕರಿಯನೊಬ್ಬನನ್ನು ಇಳಿಸಿದರೆ ಟಿಕೆಟ್‌ಗಳು ಬಿಸಿಬಿಸಿಯಾಗಿ ಖರ್ಚಾದಾವೆಂಬುದು ಅವರ ಲೆಕ್ಕಾಚಾರ. ಪೊಲೀಸರು ಹೆಚ್ಚು ಯೋಚಿಸಬೇಕಾಗಿ ಬರಲಿಲ್ಲ. ರಾತ್ರಿ ಹೊತ್ತು ಕಳ್ಳಭಟ್ಟಿ ಸಾಗಿಸುತ್ತಿದ್ದ ಮೆಕ್ಯಾನಿಕ್ ಒಬ್ಬನನ್ನು ಬೆನ್ನಟ್ಟಿ ಬೆನ್ನಟ್ಟಿ ಅವರು ದಣಿದಿದ್ದರು. ಆ ಹೆಸರನ್ನೇ ಹೇಳಿ ಕಳುಹಿಸಿದರು.

ಹೀಗೆ, ಸಾಧನೆಗಾಗಿ ಅಲ್ಲ, ಜನ ಸೇರಿಸುವ ತಂತ್ರವಾಗಿ ವೆಂಡೆಲ್ ಸ್ಕಾಟ್ ಕಾರು ಓಟದ ಅಂಗಳಕ್ಕೆ ಕಾಲಿಟ್ಟರು. ಆಗ ಅವರಿಗೆ 30 ವರ್ಷ.

1921ರ ಆಗಸ್ಟ್ 29ರಂದು ಸ್ಕಾಟ್ ಜನಿಸಿದ ಡ್ಯಾನ್‌ವಿಲ್ ಸಾಮಾನ್ಯ ಊರಲ್ಲ. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಅಂತರ್ಯುದ್ಧ ಹೂಡಿದ್ದ ದಕ್ಷಿಣದ ರಾಜ್ಯಗಳ ಒಕ್ಕೂಟಕ್ಕೆ 1865ರಲ್ಲಿ ಕಟ್ಟಕಡೆಯ ರಾಜಧಾನಿಯಾಗಿದ್ದ ಪಟ್ಟಣ ಅದು. ಸ್ಕಾಟ್ ಬೆಳೆಯುವ ಕಾಲಕ್ಕೆ ಅಲ್ಲಿ ಶಾಲೆ, ಬಸ್ಸು, ಹೋಟೆಲು ಎಲ್ಲವೂ ಬಣ್ಣದ ಆಧಾರದಲ್ಲಿ ಬೇರೆ ಬೇರೆ. ಕಪ್ಪು ಜನರ ಪಾಲಿಗೆ ಉಳಿದದ್ದು ಹತ್ತಿ ಗಿರಣಿ ಮತ್ತು ತಂಬಾಕು ಸಂಸ್ಕರಣೆಯ ಕೂಲಿ. ಈ ಎರಡರ ಬಾಗಿಲನ್ನೂ ತುಳಿಯುವುದಿಲ್ಲವೆಂದು ಸ್ಕಾಟ್ ಚಿಕ್ಕಂದಿನಲ್ಲೇ ನಿಶ್ಚಯಿಸಿದ್ದರು. ತಂದೆ ಶ್ರೀಮಂತ ಬಿಳಿಯ ಕುಟುಂಬಗಳಲ್ಲಿ ಚಾಲಕ ಹಾಗೂ ಮೆಕ್ಯಾನಿಕ್. ಎಂಜಿನ್ನಿನ ಮರ್ಮವನ್ನು ಮಗ ಕಲಿತದ್ದು ಅಲ್ಲಿಂದ. ಶಾಲೆ ಅರ್ಧಕ್ಕೇ ನಿಂತಿತು. ನಂತರ ಸ್ಕಾಟ್ ಟ್ಯಾಕ್ಸಿ ಓಡಿಸಿದರು, 1943ರಲ್ಲಿ ಮೇರಿ ಕೋಲ್ಸ್ ಅವರನ್ನು ವಿವಾಹವಾದರು, ಎರಡನೇ ಮಹಾಯುದ್ಧದಲ್ಲಿ ಸೇನೆಗೆ ಸೇರಿ ಯೂರೋಪಿಗೆ ಹೋಗಿ ಬಂದರು. ಆ ಸೇನೆಯಲ್ಲೂ ಕಪ್ಪು ಸೈನಿಕರ ಪಡೆಗಳು ಪ್ರತ್ಯೇಕವಾಗಿಯೇ ಇದ್ದವು.

ಯುದ್ಧದಿಂದ ಮರಳಿದ ಮೇಲೆ ಸ್ವಂತ ಗ್ಯಾರೇಜು ತೆರೆದರು. ಅದರ ಆದಾಯ ಬೆಳೆಯುತ್ತಿದ್ದ ಸಂಸಾರಕ್ಕೆ ಸಾಲುತ್ತಿರಲಿಲ್ಲ. ತೆರಿಗೆ ತಪ್ಪಿಸಿ ಕಾಯಿಸಿದ ಸಾರಾಯಿಯನ್ನು ಊರಿಂದೂರಿಗೆ ಮುಟ್ಟಿಸುವ ದಂಧೆಗೆ ಅವರು ಇಳಿದದ್ದು ಆಗಲೇ. ಇದಕ್ಕೆ ಬೇಕಾದದ್ದು ಹೊರನೋಟಕ್ಕೆ ಎಲ್ಲರ ಕಾರಿನಂತೆಯೇ ಇದ್ದು, ಒಳಗೆ ಮಾತ್ರ ಬೇರೆಯದೇ ಆದ ಕಾರು. ಎಂಜಿನ್ ಪೊಲೀಸ್ ವಾಹನಕ್ಕಿಂತ ಬಲವಾಗಿರಬೇಕು. ಹಿಂಬದಿಯಲ್ಲಿ ಸಾರಾಯಿ ತುಂಬಿದ್ದರೂ ಕಾರು ಕುಸಿದು ಕಾಣದಂತೆ ಸ್ಪ್ರಿಂಗ್‌ಗಳು ಗಟ್ಟಿಯಾಗಿರಬೇಕು. ಪೊಲೀಸರು ಸ್ಕಾಟ್ ಅವರನ್ನು ಹಿಡಿದದ್ದು ಒಮ್ಮೆ ಮಾತ್ರ, 1949ರಲ್ಲಿ. ನ್ಯಾಯಾಲಯ ಮೂರು ವರ್ಷ ನಿಗಾವಣೆಯಲ್ಲಿರಿಸಿತು. ದಂಧೆ ಅಷ್ಟಕ್ಕೇ ನಿಲ್ಲಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು.

ಸ್ಟಾಕ್ ಕಾರ್ ಓಟದ ಬೇರುಗಳು ಕೂಡ ಇದೇ ಮಣ್ಣಿನಲ್ಲಿವೆ. ಓಟಕ್ಕೆಂದೇ ತಯಾರಿಸಿದ ಫಾರ್ಮುಲಾ ಕಾರುಗಳಲ್ಲ, ಅಂಗಡಿಯಲ್ಲಿ ಮಾರಾಟಕ್ಕೆ ಸಿಗುವ ಸಾಮಾನ್ಯ ಕಾರುಗಳನ್ನೇ ಓಡಿಸುವುದು ಈ ಕ್ರೀಡೆಯ ಮೂಲ ಕಲ್ಪನೆ. ದಕ್ಷಿಣ ಅಮೆರಿಕನ್ ರಾಜ್ಯಗಳ ಸಾರಾಯಿ ಸಾಗಣೆದಾರರು ತಮ್ಮಲ್ಲಿ ಯಾರ ಕಾರು ವೇಗದ್ದೆಂದು ಪಂಥ ಕಟ್ಟುತ್ತಿದ್ದ ಮಣ್ಣಿನ ಪಥಗಳಿಗೆ 1948ರಲ್ಲಿ ಬಿಲ್ ಫ್ರಾನ್ಸ್ ಎಂಬ ಸಂಘಟಕ ನಾಸ್ಕಾರ್ ಸಂಸ್ಥೆಯ ಮೂಲಕ ಕಟ್ಟುನಿಟ್ಟಿನ ರೂಪ ಕೊಟ್ಟರು. ಮರುವರ್ಷ ಷಾರ್ಲೆಟ್‌ನಲ್ಲಿ ನಡೆದ ಅದರ ಮೊದಲ ಪ್ರಧಾನ ಓಟದಲ್ಲಿ ಮೊದಲು ಗುರಿ ಮುಟ್ಟಿದ ಕಾರೇ ಅನರ್ಹಗೊಂಡಿತು. ಅದು ಸಾರಾಯಿ ಸಾಗಿಸುವ ಕಾರಾಗಿದ್ದು, ಸ್ಪ್ರಿಂಗ್‌ಗಳನ್ನು ಬದಲಿಸಲಾಗಿತ್ತು! ಸ್ಕಾಟ್ ಅವರ ಪೂರ್ವಾಶ್ರಮ, ಅಂದರೆ, ಈ ಕ್ರೀಡೆಯಲ್ಲಿ ಅನರ್ಹತೆಯಾಗಿರಲಿಲ್ಲ. ಅಡ್ಡಿಯಾದದ್ದು ಬಣ್ಣ.

ಮೇ 23ರಂದು ಡ್ಯಾನ್‌ವಿಲ್ ಜಾತ್ರೆ ಮೈದಾನದ ಪಥದಲ್ಲಿ ಸ್ಕಾಟ್ ಮೊದಲ ಬಾರಿ ಸ್ಪರ್ಧಿಸಿದರು. ಪ್ರೇಕ್ಷಕರಲ್ಲಿ ಕೆಲವರು ಕೂಗಿ ಹೀಯಾಳಿಸಿದರು. ಕಾರು ನಡುವೆಯೇ ಕೆಟ್ಟು ನಿಂತಿತು. ಲೆಕ್ಕದ ಪ್ರಕಾರ ಅದು ವಿಫಲ ಸಂಜೆ. ಆದರೆ ಇದೇ ತನ್ನ ಕಸುಬೆಂದು ಅವರಿಗೆ ಅಂದೇ ಖಚಿತವಾಯಿತು. ಮರುದಿನವೇ ಕಾರು ಸಜ್ಜುಗೊಳಿಸಿ ನೆರೆಯ ನಾರ್ತ್ ಕೆರೊಲಿನಾದ ವಿನ್ಸ್ಟನ್-ಸೇಲಂನಲ್ಲಿ ನಡೆಯಲಿದ್ದ ನಾಸ್ಕಾರ್ ಓಟಕ್ಕೆ ಕೊಂಡೊಯ್ದರು. ಕಪ್ಪು ಚಾಲಕನಿಗೆ ಅವಕಾಶವಿಲ್ಲವೆಂದು ಅಧಿಕಾರಿಗಳು ಹಿಂದಕ್ಕೆ ಕಳುಹಿಸಿದರು. ಮನೆಯ ದಾರಿಯುದ್ದಕ್ಕೂ ಸ್ಕಾಟ್ ಕಣ್ಣೀರು ತುಂಬಿಕೊಂಡಿದ್ದರು. ಕೆಲವೇ ದಿನಗಳಲ್ಲಿ ಹೈ ಪಾಯಿಂಟ್‌ನಲ್ಲಿ ಮತ್ತೊಂದು ಪ್ರಯತ್ನ. ಅಲ್ಲಿನವರು ಒಂದು ದಾರಿಯನ್ನೂ ತೋರಿಸಿದರು: ಕಾರು ಸ್ಕಾಟ್ ಅವರದೇ ಇರಲಿ, ಓಡಿಸಲು ಬಿಳಿಯ ಹುಡುಗನೊಬ್ಬನನ್ನು ಕೂರಿಸಬಹುದು. ಸ್ಕಾಟ್ ಒಪ್ಪಲಿಲ್ಲ. ಕಾರನ್ನು ಕಟ್ಟಿಕೊಂಡು ಮನೆಗೆ ಮರಳಿದರು.

ಈ ನಿರಾಕರಣೆಗಳ ನಂತರ ಅವರು ಹಿಡಿದದ್ದು ತಾಳ್ಮೆಯ ದಾರಿ. ನಾಸ್ಕಾರ್‌ನಿಂದ ದೂರ ಉಳಿದು ಡಿಕ್ಸಿ ಸರ್ಕ್ಯೂಟ್ ಮತ್ತಿತರ ಚಿಕ್ಕ ಪಥಗಳಲ್ಲಿ ಸ್ಪರ್ಧಿಸತೊಡಗಿದರು. ಓಟದ ಬದುಕು ಆರಂಭವಾದ ಹನ್ನೆರಡೇ ದಿನಗಳಲ್ಲಿ ಲಿಂಚ್‌ಬರ್ಗ್‌ನಲ್ಲಿ ಕಿರು ಓಟವೊಂದನ್ನು ಗೆದ್ದರು. ಆ ಮೇಲೆ ವಾರಕ್ಕೆ ಐದು ಓಟಗಳವರೆಗೂ ಓಡಿಸಿದ್ದುಂಟು. ಹಗಲು ಗ್ಯಾರೇಜಿನಲ್ಲಿ ಅನ್ಯರ ಕಾರು, ರಾತ್ರಿ ಪಥದ ಮೇಲೆ ತಮ್ಮ ಕಾರು. ಕೆಲ ಚಾಲಕರು ಬೇಕೆಂದೇ ಗುದ್ದಿ ಹೊರಗೆ ತಳ್ಳುತ್ತಿದ್ದರು. ತಿರುಗಿ ಗುದ್ದಿದರೆ ಅಥವಾ ಕೈ ಎತ್ತಿದರೆ ತಮ್ಮ ಓಟದ ಬದುಕು ಅಲ್ಲಿಗೇ ಮುಗಿಯುತ್ತದೆಂಬುದು ಸ್ಕಾಟ್ ಅವರಿಗೆ ಗೊತ್ತಿತ್ತು. ಕೋಪ ನುಂಗಿ ಕಾರು ದುರಸ್ತಿ ಮಾಡಿಕೊಂಡು ಮುಂದಿನ ಊರಿಗೆ ಹೊರಡುತ್ತಿದ್ದರು. ಕ್ರಮೇಣ ಬಿಳಿಯ ಪ್ರೇಕ್ಷಕರಲ್ಲೇ ಅವರ ಅಭಿಮಾನಿಗಳು ಹುಟ್ಟಿಕೊಂಡರು; ಬಿಡಿಭಾಗ ಕೊಟ್ಟು ನೆರವಾಗುವ ಬಿಳಿಯ ಚಾಲಕರೂ ಸಿಕ್ಕರು.

ನಾಸ್ಕಾರ್‌ನ ಬಾಗಿಲು ತೆರೆದದ್ದು 1953ರ ಸುಮಾರಿಗೆ, ಅದೂ ಹಿತ್ತಲ ಕಡೆಯಿಂದ. ರಿಚ್ಮಂಡ್‌ನ ಕಾಲು ಮೈಲಿಯ ಮಣ್ಣಿನ ಪಥವೊಂದರಲ್ಲಿ ಮೈಕ್ ಪೋಸ್ಟನ್ ಎಂಬುವರು ಅರೆಕಾಲಿಕ ಮೇಲ್ವಿಚಾರಕರಾಗಿದ್ದರು. ಸಂಸ್ಥೆಯಲ್ಲಿ ದೊಡ್ಡ ಕುಳವಲ್ಲದಿದ್ದರೂ ಪರವಾನಗಿ ಕೊಡುವ ಅಧಿಕಾರ ಅವರಿಗಿತ್ತು. ಸ್ಕಾಟ್ ನೇರವಾಗಿ ಅವರನ್ನೇ ಕೇಳಿದರು. ಎಂಥ ಕಷ್ಟಕ್ಕೆ ತಲೆಯೊಡ್ಡುತ್ತಿರುವಿರೆಂಬ ಅರಿವಿದೆಯೇ ಎಂದು ವಿಚಾರಿಸಿ ಪೋಸ್ಟನ್ ಪರವಾನಗಿ ಬರೆದುಕೊಟ್ಟರು. ನಾಸ್ಕಾರ್ ಪರವಾನಗಿ ಪಡೆದ ಮೊದಲ ಆಫ್ರಿಕನ್-ಅಮೆರಿಕನ್ ಚಾಲಕನೆಂಬ ದಾಖಲೆ ಹೀಗೆ ಸದ್ದಿಲ್ಲದೆ ಆಯಿತು. ಮೇಲಿನವರಿಗೆ ಇದು ಹಿಡಿಸಲಿಲ್ಲವೆನ್ನಲಾಗಿದೆ.

1954ರ ಏಪ್ರಿಲ್‌ನಲ್ಲಿ ಇನ್ನೊಂದು ಘಟನೆ. ರಾಲೆಯ ಓಟದ ಆಯೋಜಕರು ಬಂದಿದ್ದ ಬಿಳಿಯ ಚಾಲಕರೆಲ್ಲರಿಗೂ ಪೆಟ್ರೋಲ್ ಖರ್ಚು ಕೊಟ್ಟು ಸ್ಕಾಟ್ ಒಬ್ಬರಿಗೆ ಇಲ್ಲವೆಂದರು. ಸ್ಕಾಟ್ ಸುಮ್ಮನಾಗದೆ ಮರುದಿನ ಬಿಲ್ ಫ್ರಾನ್ಸ್ ಅವರ ಮುಂದೆ ನಿಂತು ನಡೆದದ್ದನ್ನು ತಿಳಿಸಿದರು. ಸ್ಕಾಟ್ ನಂತರ ಹೇಳಿಕೊಂಡಂತೆ, ಫ್ರಾನ್ಸ್ ತಮ್ಮ ಜೇಬಿನಿಂದಲೇ ಹಣ ತೆಗೆದುಕೊಟ್ಟು, ನಾಸ್ಕಾರ್‌ನಲ್ಲಿ ಅವರಿಗೆ ಎಂದೂ ತಾರತಮ್ಯವಾಗದೆಂದು ಭರವಸೆಯಿತ್ತರು. ಆ ಮಾತನ್ನು ಸ್ಕಾಟ್ ನಂಬಿದರು.

1959ರಲ್ಲಿ ರಿಚ್ಮಂಡ್‌ನ ಸೌತ್‌ಸೈಡ್ ಪಥದ ಪ್ರಶಸ್ತಿಯ ಜೊತೆಗೆ ನಾಸ್ಕಾರ್‌ನ ವರ್ಜೀನಿಯಾ ರಾಜ್ಯ ಸ್ಪೋರ್ಟ್ಸ್‌ಮನ್ ಪ್ರಶಸ್ತಿಯೂ ಅವರದಾಯಿತು. ಇಷ್ಟು ಗೆದ್ದ ಬಿಳಿಯ ಚಾಲಕನಿಗೆ ಕಾರು ಕಂಪನಿಗಳ ಬೆಂಬಲ ಹುಡುಕಿಕೊಂಡು ಬರುತ್ತಿತ್ತೇನೋ. ಸ್ಕಾಟ್ ಅವರಿಗೆ ಬರಲಿಲ್ಲ. 1961ರ ಮಾರ್ಚ್ 4ರಂದು ಸೌತ್ ಕೆರೊಲಿನಾದ ಸ್ಪಾರ್ಟನ್‌ಬರ್ಗ್‌ನಲ್ಲಿ ನಾಸ್ಕಾರ್‌ನ ಅತ್ಯುನ್ನತ ದರ್ಜೆಯಾದ ಗ್ರ್ಯಾಂಡ್ ನ್ಯಾಷನಲ್ ಪ್ರವೇಶಿಸಿದಾಗಲೂ ಎಲ್ಲವೂ ಸ್ವಂತ ಖರ್ಚು. ಬಳಸಿದ ಕಾರು, ಬಳಸಿದ ಟೈರು, ಸಹಾಯಕ್ಕೆ ಮಕ್ಕಳು. ಓಡಿಸುವವರೂ ಅವರೇ, ಎಂಜಿನ್ ಬಿಚ್ಚುವವರೂ ಅವರೇ. ಪೂರ್ಣ ತಂಡವಿದ್ದ ಎದುರಾಳಿಗಳ ನಡುವೆ ಕಾರನ್ನು ಒಡೆಯದೆ ಕೊನೆ ಮುಟ್ಟಿಸಿ ಬಹುಮಾನದ ಹಣ ತರುವುದೇ ಅವರ ತಂತ್ರವಾಗಬೇಕಾಯಿತು.

ಇದಕ್ಕೆ ಅಪವಾದವಾದದ್ದು 1963ರ ಡಿಸೆಂಬರ್ 1. ಅದೇ ವರ್ಷ ಜೂನ್ 10ರಂದು ಅವರ ಹುಟ್ಟೂರು ಡ್ಯಾನ್‌ವಿಲ್‌ನಲ್ಲಿ ಸಮಾನ ಹಕ್ಕು ಕೇಳಿ ಬೀದಿಗಿಳಿದವರನ್ನು ಪೊಲೀಸರು ಥಳಿಸಿದ್ದರು. ಫ್ಲಾರಿಡಾದ ಜಾಕ್ಸನ್‌ವಿಲ್‌ನ ಅರ್ಧ ಮೈಲಿಯ ಮಣ್ಣಿನ ಪಥದಲ್ಲಿ 100 ಮೈಲಿಯ ಓಟ. ನೆಡ್ ಜಾರೆಟ್ ಅವರಿಂದ ಕೊಂಡ ಷೆವರ್ಲೆ, ಸಂಖ್ಯೆ 34. ಹದಿನೈದನೆಯವರಾಗಿ ಹೊರಟ ಸ್ಕಾಟ್, ಕೊನೆಯ 25 ಸುತ್ತುಗಳಿರುವಾಗ ರಿಚರ್ಡ್ ಪೆಟಿಯವರನ್ನು ಹಿಂದಿಕ್ಕಿದರು. ಉಳಿದ ಎಲ್ಲರಿಗಿಂತ ಎರಡು ಸುತ್ತು ಮುಂದಿದ್ದರು. ಆದರೆ ಗೆಲುವಿನ ಬಾವುಟ ಬೀಸಲಿಲ್ಲ. ಬಕ್ ಬೇಕರ್ ವಿಜೇತರೆಂದು ಘೋಷಿಸಿ ಟ್ರೋಫಿ ಕೊಡಲಾಯಿತು. ಸ್ಕಾಟ್ ಆಕ್ಷೇಪ ಸಲ್ಲಿಸಿ ಕಾದರು. ಹಲವು ಗಂಟೆಗಳ ನಂತರ, ಪ್ರೇಕ್ಷಕರೆಲ್ಲ ಮನೆಗೆ ತೆರಳಿದ ಮೇಲೆ, ಸುತ್ತುಗಳ ಎಣಿಕೆಯಲ್ಲಿ ತಪ್ಪಾಗಿತ್ತೆಂದು ಅಧಿಕಾರಿಗಳು ಒಪ್ಪಿಕೊಂಡರು. ಅದು ಎಣಿಕೆಯ ತಪ್ಪೆಂದು ಸ್ಕಾಟ್ ಕೊನೆಯವರೆಗೂ ನಂಬಲಿಲ್ಲ. ವಿಜೇತನಿಗೆ ಬಿಳಿಯ ಸುಂದರಿಯೊಬ್ಬಳು ಮುತ್ತಿಡುವ ವಾಡಿಕೆಯಿದ್ದ ಕಾಲ ಅದು. ಬಹುಮಾನದ ಹಣ ಕೈಸೇರಿತು. ಬೇಕರ್ ಒಯ್ದಿದ್ದ ಟ್ರೋಫಿ ಮಾತ್ರ ಹಿಂದಿರುಗಲಿಲ್ಲ.

ಮುಂದಿನ ಹತ್ತು ವರ್ಷ ಸ್ಕಾಟ್ ಇದೇ ಗ್ಯಾರೇಜಿನ ಬಲದಿಂದ ಓಡಿದರು. 1973ರಲ್ಲಿ ಟ್ಯಾಲಡೇಗಾದ ಭೀಕರ ಅಪಘಾತ ಅವರ ಕ್ರೀಡಾಜೀವನಕ್ಕೆ ತೆರೆಯೆಳೆಯಿತು. ಒಟ್ಟು 495 ಓಟಗಳಲ್ಲಿ 147 ಬಾರಿ ಮೊದಲ ಹತ್ತರೊಳಗೆ ಬಂದಿದ್ದರು; ಗೆಲುವು ಜಾಕ್ಸನ್‌ವಿಲ್‌ನದೊಂದೇ. 1990ರ ಡಿಸೆಂಬರ್ 23ರಂದು ಡ್ಯಾನ್‌ವಿಲ್‌ನಲ್ಲಿ ನಿಧನರಾದಾಗ ಅವರಿಗೆ 69 ವರ್ಷ. 2015ರಲ್ಲಿ ನಾಸ್ಕಾರ್‌ನ ಕೀರ್ತಿಭವನದಲ್ಲಿ ಸ್ಥಾನ ದೊರೆಯಿತು. 2021ರ ಆಗಸ್ಟ್‌ನಲ್ಲಿ ಡೇಟೋನಾ ಪಥದಲ್ಲಿ, ಜಾಕ್ಸನ್‌ವಿಲ್ ಗೆಲುವಿನ ಟ್ರೋಫಿಯನ್ನು ಸಂಸ್ಥೆ ಅವರ ಕುಟುಂಬದವರ ಕೈಗಿತ್ತಿತು.