ಸಿನಿಮಾ ತಾರೆಯಾದರೂ ಸಣ್ಣ ತಂಡವನ್ನು ಬಿಡದ ಶಂಕರ್ ನಾಗ್

ನವೆಂಬರ್ ಬಂತೆಂದರೆ ಹೊರನಾಡಿನ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವದ ಸಡಗರ. ನಾಟಕದ ತಾಲೀಮು, ಹಾಲ್ ಬುಕಿಂಗ್, ದೇಣಿಗೆ ರಸೀದಿ ಎಂದು ಸದಸ್ಯರು ಓಡಾಡುವ ಇದೇ ತಿಂಗಳ 9ರಂದು ಶಂಕರ್ ನಾಗ್ ಅವರ ಜನ್ಮದಿನ. ಸಿನಿಮಾದ ಶಂಕರಣ್ಣನನ್ನು ಎಲ್ಲರೂ ಬಲ್ಲರು. ರಂಗಭೂಮಿಯ ಶಂಕರ್ ನಾಗ್ ಅವರನ್ನು ಸಂಘಗಳ ನಾವು ವಿಶೇಷವಾಗಿ ನೆನೆಯಬೇಕು.

1954ರಲ್ಲಿ ಉತ್ತರ ಕನ್ನಡದ ಹೊನ್ನಾವರ ತಾಲೂಕಿನಲ್ಲಿ ಜನಿಸಿದ ಅವರು ವಿದ್ಯಾಭ್ಯಾಸದ ನಂತರ ಮುಂಬಯಿಗೆ ಬಂದರು. ನಾಟಕದ ಗೀಳು ಹತ್ತಿದ್ದು ಇಲ್ಲಿನ ಮರಾಠಿ ರಂಗಭೂಮಿಯಲ್ಲಿ. ಬಾಳಸಂಗಾತಿ ಅರುಂಧತಿಯವರ ಪರಿಚಯವಾದದ್ದೂ ಇಲ್ಲಿನ ರಂಗವಲಯದಲ್ಲೇ. 1978ರಲ್ಲಿ ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಚಿತ್ರ ಅವರನ್ನು ಕನ್ನಡಕ್ಕೆ ಕರೆದೊಯ್ದಿತು. ಮುಂದಿನ 12 ವರ್ಷಗಳಲ್ಲಿ 80ಕ್ಕೂ ಹೆಚ್ಚು ಚಿತ್ರಗಳು, ಜೊತೆಗೆ 'ಮಾಲ್ಗುಡಿ ಡೇಸ್' ಧಾರಾವಾಹಿಯ ನಿರ್ದೇಶನ.

ಇಷ್ಟು ಕೆಲಸದ ನಡುವೆಯೂ ಅವರು ಬೆಂಗಳೂರಿನಲ್ಲಿ 'ಸಂಕೇತ್' ಎಂಬ ಹವ್ಯಾಸಿ ತಂಡ ಕಟ್ಟಿ ನಡೆಸಿದರು. ಅದರ ಆರಂಭದ ನಾಟಕಗಳಲ್ಲಿ ಒಂದು ಕಾರ್ನಾಡರ 'ಅಂಜು ಮಲ್ಲಿಗೆ'. ಸಮಾಜ ಒಪ್ಪದ ಪ್ರೀತಿಯ ಕಥೆಯದು. ತಾರೆಯ ಹೆಸರಿಗೆ ಸುಲಭವಾದ ಹಾಸ್ಯ ನಾಟಕವಾಡಿದ್ದರೂ ಜನ ಸೇರುತ್ತಿದ್ದರು. ಆದರೂ ಕಷ್ಟದ ನಾಟಕಕ್ಕೆ ಕೈ ಹಾಕಿದರು.

1980ರ ದಶಕದ ಕೊನೆಯಲ್ಲಿ ಇದೇ ತಂಡ ಕಾರ್ನಾಡರ 'ನಾಗಮಂಡಲ'ವನ್ನು ರಂಗಕ್ಕೆ ತಂದಿತು. ರಾತ್ರಿ ಹೊತ್ತು ದೀಪದ ಕುಡಿಗಳು ಹಾಳು ಗುಡಿಯಲ್ಲಿ ಸೇರಿ ಕಥೆ ಹೇಳುವ ಹೊಸ ಬಗೆಯ ನಾಟಕವದು. ಗಂಡ ಅಪ್ಪಣ್ಣ ಹೆಂಡತಿ ರಾಣಿಯನ್ನು ಮನೆಯೊಳಗಿಟ್ಟು ಬೀಗ ಹಾಕಿ ಬೇರೊಬ್ಬಳಲ್ಲಿಗೆ ಹೋಗುತ್ತಾನೆ. ರಾತ್ರಿ ಅದೇ ಗಂಡನ ರೂಪದಲ್ಲಿ ಬರುವ ನಾಗ ಅವಳಿಗೆ ಪ್ರೀತಿ ಕೊಡುತ್ತಾನೆ. ಬಸುರಿಯಾದವಳನ್ನು ಪಂಚರ ಮುಂದೆ ನಿಲ್ಲಿಸಿದಾಗ ಆಕೆ ನಾಗನನ್ನು ಕೈಯಲ್ಲಿ ಹಿಡಿದು ಪ್ರಮಾಣ ಮಾಡುತ್ತಾಳೆ. ತಾಳಿ ಕಟ್ಟಿದವನು ಗಂಡನೋ, ಪ್ರೀತಿಸಿದವನು ಗಂಡನೋ ಎಂಬ ಪ್ರಶ್ನೆ ಪ್ರೇಕ್ಷಕರ ಜೊತೆ ಮನೆಗೇ ಬರುತ್ತದೆ.

1990ರ ಸೆಪ್ಟೆಂಬರ್ 30ರಂದು 'ಜೋಕುಮಾರಸ್ವಾಮಿ' ಚಿತ್ರೀಕರಣಕ್ಕೆ ಹೊರಟಿದ್ದಾಗ ದಾವಣಗೆರೆ ಬಳಿಯ ಆನಗೋಡಿನಲ್ಲಿ ನಡೆದ ಕಾರು ಅಪಘಾತದಲ್ಲಿ ಶಂಕರ್ ನಾಗ್ ಅಸುನೀಗಿದರು. ಆಗ ಅವರಿಗಿನ್ನೂ 35 ವರ್ಷ. ಆ ಚಿತ್ರವೂ ಚಂದ್ರಶೇಖರ ಕಂಬಾರರ ನಾಟಕವನ್ನೇ ಆಧರಿಸಿದ್ದು. ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡ ಅರುಂಧತಿಯವರು ಚೇತರಿಸಿಕೊಂಡು, ಪತಿಯ ಕನಸಾಗಿದ್ದ ರಂಗಮಂದಿರದ ಕೆಲಸಕ್ಕೆ ಟೊಂಕ ಕಟ್ಟಿದರು. ಸಂಕೇತ್ ಟ್ರಸ್ಟ್ ಮೂಲಕ 2004ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ 'ರಂಗ ಶಂಕರ' ಬಾಗಿಲು ತೆರೆಯಿತು. ಪ್ರೀತಿಯ ನಾಟಕಗಳನ್ನಾಡಿದ ತಂಡಕ್ಕೆ ಇದಕ್ಕಿಂತ ದೊಡ್ಡ ಪ್ರೀತಿಯ ಕಾಣಿಕೆ ಬೇಕೆ?

ಆಫೀಸು ಮುಗಿಸಿ, ಲೋಕಲ್ ರೈಲು ಹಿಡಿದು ತಾಲೀಮಿಗೆ ಬರುವ ನಮ್ಮ ಸದಸ್ಯರಿಗೆ ಸಮಯ ಸಾಲದು ಎಂಬುದು ನಿಜ. ದಿನವಿಡೀ ಚಿತ್ರೀಕರಣದಲ್ಲಿದ್ದ ಶಂಕರ್ ನಾಗ್ ಅವರಿಗೂ ಸಾಲುತ್ತಿರಲಿಲ್ಲ. ಈ ಸಲದ ರಾಜ್ಯೋತ್ಸವಕ್ಕೆ ನಾಟಕ ಆರಿಸುವಾಗ ನಗಿಸುವ ನಾಟಕದ ಜೊತೆ, ಮನಸ್ಸನ್ನು ಕಲಕುವ ಒಂದನ್ನೂ ನಮ್ಮ ಸಂಘಗಳು ಕೈಗೆತ್ತಿಕೊಂಡರೆ ಅದೇ ಅವರಿಗೆ ಸಲ್ಲಿಸುವ ನಿಜವಾದ ಗೌರವ.