ಸಲೀಂ ಅಲಿಗೆ ಹಕ್ಕಿ ತೋರಿಸಿದ ಗುರು

ನಮ್ಮೂರು ಮಂಡ್ಯ ಕಡೆ. ಐದನೇ ಕ್ಲಾಸಲ್ಲಿ ಮೇಷ್ಟ್ರು ನಮ್ಮನ್ನ ರಂಗನತಿಟ್ಟಿಗೆ ಕರ್ಕೊಂಡು ಹೋಗಿದ್ರು. 1940ರಲ್ಲಿ ಅದು ಪಕ್ಷಿಧಾಮ ಆಗಲು ಸಲೀಂ ಅಲಿ ಕಾರಣ ಅಂತ ಅವರೇ ಹೇಳಿದ್ದು. ಆ ಹೆಸರು ಮನಸ್ಸಲ್ಲೇ ಉಳೀತು.

ಸಲೀಂ ಅಲಿ ಹುಟ್ಟಿದ್ದು 1896ರಲ್ಲಿ, ಮುಂಬಯಿಯಲ್ಲಿ. ಚಿಕ್ಕಂದಿನಲ್ಲೇ ತಂದೆ ತಾಯಿ ತೀರಿಕೊಂಡರು. ಸೋದರಮಾವನ ಮನೆಯಲ್ಲಿ ಬೆಳೆದರು. ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಒಂದು ಗುಬ್ಬಚ್ಚಿ ಹೊಡೆದರು. ಅದರ ಕತ್ತಿನಲ್ಲಿ ಹಳದಿ ಮಚ್ಚೆ! ಯಾವ ಹಕ್ಕಿ ಅಂತ ಮಾವನಿಗೂ ಗೊತ್ತಿಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಅಲ್ಲಿನ ಕಾರ್ಯದರ್ಶಿ ಮಿಲರ್ಡ್ ಸಾಹೇಬರು ಹಕ್ಕಿಯ ಹೆಸರು ಹೇಳಿದ್ದಷ್ಟೇ ಅಲ್ಲ, ಸೊಸೈಟಿಯಲ್ಲಿ ಕೂಡಿಟ್ಟಿದ್ದ ಹಕ್ಕಿಗಳನ್ನೆಲ್ಲ ತೋರಿಸಿದರು, ಓದೋಕೆ ಪುಸ್ತಕ ಕೊಟ್ಟರು. ಅವತ್ತು ಹತ್ತಿದ ಹುಚ್ಚು 1987ರಲ್ಲಿ ಸಾಯುವ ತನಕ ಬಿಡಲಿಲ್ಲ.

ಡಿಗ್ರಿ ಇಲ್ಲ ಅಂತ ಸರ್ಕಾರಿ ಕೆಲಸ ಸಿಗಲಿಲ್ಲ. ಮ್ಯೂಸಿಯಂನಲ್ಲಿ ಗೈಡ್ ಆದರು, ಬರ್ಲಿನ್‌ಗೆ ಹೋಗಿ ಕಲಿತರು. ಆ ಕೆಲಸವೂ ಹೋದಾಗ ಕಿಹಿಮ್ ಹಳ್ಳಿಯಲ್ಲಿ ಕೂತು ಗೀಜಗನ ಗೂಡುಗಳನ್ನು ತಿಂಗಳುಗಟ್ಟಲೆ ನೋಡಿ ಬರೆದರು. ಮುಂದೆ ನಮ್ಮ ಮೈಸೂರು ಸೀಮೆಯ ಹಕ್ಕಿಗಳ ಸಮೀಕ್ಷೆಯನ್ನೂ ಮಾಡಿದರು.

ನನ್ನ ಹತ್ರ ಇರೋದೂ ಐಟಿಐ ಸರ್ಟಿಫಿಕೇಟ್ ಒಂದೇ. ಅದಕ್ಕೇ ಈ ಕಥೆ ನನಗೆ ಹತ್ತಿರ. ಆ ಹಳದಿ ಕತ್ತಿನ ಗುಬ್ಬಚ್ಚಿ ಬೇಸಿಗೆಯಲ್ಲಿ ಮರಿ ಮಾಡೋಕೆ ನಾವಿರೋ ಈ ಯುಎಇಗೂ ಬರುತ್ತೆ, ಗೊತ್ತಾ?

ಊರಲ್ಲಿರೋ ಮಗ ಫೋನಲ್ಲಿ ಅದೇನು, ಇದೇನು ಅಂತ ಕೇಳಿದರೆ, ಡ್ಯೂಟಿ ಸುಸ್ತಲ್ಲಿ ಆಮೇಲೆ ಹೇಳ್ತೀನಿ ಅಂತಿದ್ದೆ. ಈಗ ಹಾಗೆ ಅನ್ನಲ್ಲ. ಗೊತ್ತಿಲ್ಲದಿದ್ದರೆ ಕೇಳಿ ತಿಳ್ಕೊಂಡು ಹೇಳ್ತೀನಿ.